ಕುಡಿಯುವ ನೀರಿನ ಲೈನ್ ನಾನೇ ಹಾಕಿಕೊಳ್ಳೋಣ ಅಂತಿದ್ದೇನೆ, ನಡೆಯುತ್ತದಾ? ಮೈಸೂರು, ಎರಡು ಮಹಡಿ ಮನೆ

ಶ್ರೀರಾಂಪುರ_ಮನೆ

ಎಲ್ಲರಿಗೂ ನಮಸ್ಕಾರ. ಶ್ರೀರಾಂಪುರದಲ್ಲಿ ನಮ್ಮದು 30×40 ಸೈಟು. ನೆಲಮಹಡಿ ಹಳೆಯದು, ಈಗ ಮೇಲೊಂದು ಮಹಡಿ ಏಳುತ್ತಿದೆ. ಗೋಡೆ ಎದ್ದಿದೆ, ಗಾರೆ ಆಗಿಲ್ಲ. ಪ್ಲಂಬರ್ ಪಾಯಿಂಟ್ ಲೆಕ್ಕದಲ್ಲಿ ರೇಟ್ ಹೇಳಿದ್ದಾರೆ. ಡ್ರಾಯಿಂಗ್ ಎಲ್ಲಿ ಅಂತ ಕೇಳಿದರೆ "ಗೋಡೆ ಮೇಲೆ ಚಾಕ್‌ಪೀಸಲ್ಲಿ ಬರೆಯುತ್ತೇನೆ ಸಾರ್, ಅದೇ ಡ್ರಾಯಿಂಗ್" ಅಂದರು.

ಟಾಯ್ಲೆಟ್ಟು, ಚರಂಡಿ ಪೈಪು ಅವರೇ ಮಾಡಲಿ. ಕುಡಿಯುವ ನೀರಿನ ಲೈನ್ ಮಾತ್ರ ನಾನೇ ಹಾಕಬೇಕು ಅಂತ ಆಸೆ. ಕೈಕೆಲಸ ಬರುತ್ತದೆ, ಡ್ರಿಲ್ಲು, ಕಟ್ಟರ್ ಎಲ್ಲಾ ಇದೆ. ಈಗ ಕಾರ್ಪೊರೇಷನ್ ನೀರು ಮತ್ತು ಬೋರ್ ನೀರು ಎರಡೂ ಒಂದೇ ಸಂಪಿಗೆ ಬೀಳುತ್ತವೆ. ಅಲ್ಲಿಂದ ಮೇಲಿನ ಟ್ಯಾಂಕು, ಅಲ್ಲಿಂದ ಎಲ್ಲಾ ನಲ್ಲಿಗೆ.

ನನ್ನ ತಲೆ ತಿನ್ನುತ್ತಿರುವುದು ಏನೆಂದರೆ, ಪ್ಲಾಸ್ಟಿಕ್ ಪೈಪಲ್ಲಿ ಅಂಟಿಸುವ ಸಿಪಿವಿಸಿ ಹಾಕಲೋ, ಕಾಯಿಸಿ ಬೆಸೆಯುವ ಪಿಪಿಆರ್ ಹಾಕಲೋ? ಅರ್ಧ ಇಂಚೋ ಮುಕ್ಕಾಲೋ? ಅಡುಗೆಮನೆಗೆ ಬೀದಿ ಲೈನಿಂದ ನೇರ ನಲ್ಲಿ ಕೊಡಲೋ ಟ್ಯಾಂಕಿಂದ ಕೊಡಲೋ? ಮಾವನವರು "ನೀರು ವಿದ್ಯುತ್ತು ಆಟದ ಸಾಮಾನಲ್ಲ" ಅಂತ ದಿನಾ ಕುಟುಕುತ್ತಿದ್ದಾರೆ. ಅವರ ಬಾಯಿ ಮುಚ್ಚಿಸುವ ಉತ್ತರ ಇದ್ದರೆ ಅದೂ ಕೊಡಿ.

ಸಕ್ಕರೆನಾಡು

ಮಾವನವರು ಹೇಳಿದ್ದೇ ಸರಿ. ಮುಗಿಯಿತು ಚರ್ಚೆ 😄

ಹೆಬ್ಬಾಳ್_ಎಂಜಿನಿಯರ್

ಮಾಡಬಹುದು. ಸಿಪಿವಿಸಿ ಅಂಟಿಸುವುದು ಬ್ರಹ್ಮವಿದ್ಯೆ ಅಲ್ಲ. ಕಷ್ಟ ಇರುವುದು ಅಂಟಿಸುವುದರಲ್ಲಲ್ಲ, ಎಲ್ಲಿ ವಾಲ್ವ್ ಇಡಬೇಕು, ಯಾವ ನೀರು ಯಾವ ಪೈಪಿಗೆ ಹೋಗಬೇಕು ಅಂತ ಯೋಚನೆ ಮಾಡುವುದರಲ್ಲಿ. ಪೈಪ್ ಕಂಪನಿ ಬಗ್ಗೆ ಕೇಳುವ ಮೊದಲು ನಿಮ್ಮ ಸಂಪಿನ ವಿಷಯ ನೋಡಿ. ಬೋರು, ಕಾರ್ಪೊರೇಷನ್ನು ಎರಡೂ ಒಂದೇ ಸಂಪಿಗೆ ಬಿಟ್ಟು ಆಮೇಲೆ ಬರೀ ಕುಡಿಯುವ ಲೈನನ್ನು ಚೆನ್ನಾಗಿ ಹಾಕಿದರೆ ಏನು ಬಂತು?

ಪಾನಾ_ಹಿಡಿದವ

ನಾನು ಕೆಲಸ ಮಾಡುವ ಪ್ಲಂಬರ್. ಎರಡು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ರಸ್ತೆ ಮೇನ್‌ನಿಂದ ಮೀಟರ್ ತನಕ ನೀವು ಕೈ ಹಾಕುವ ಹಾಗಿಲ್ಲ. ಮೇನ್‌ಗೆ ತೂತು ಹೊಡೆದು ಮನೆ ಪೈಪ್ ಜೋಡಿಸುವ ಫೆರೂಲ್ ಕೂರಿಸುವುದು, ರಸ್ತೆ ಅಗೆಯುವುದು ಎಲ್ಲಾ ಅನುಮತಿ ತಗೊಂಡು ಲೈಸೆನ್ಸ್ ಇರುವವರೇ ಮಾಡಬೇಕು. ಮೀಟರ್ ದಾಟಿದ ಮೇಲೆ ನಿಮ್ಮ ಮನೆ, ನಿಮ್ಮ ಪೈಪು.

ಇನ್ನೊಂದು. ಚಾಕ್‌ಪೀಸಲ್ಲಿ ಬರೆಯುವವನು ದಡ್ಡ ಅಲ್ಲ ಸ್ವಾಮಿ. ಅವನ ತಲೆಯಲ್ಲಿ ಡ್ರಾಯಿಂಗ್ ಇರುತ್ತದೆ. ಕಾಗದದ ಡ್ರಾಯಿಂಗ್ ಕೇಳುವ ಓನರ್‌ಗಳೇ ಆಮೇಲೆ ವಾಶ್‌ಬೇಸಿನ್ ಎರಡು ಅಡಿ ಆಚೆ ಸರಿಸಿ ಅಂತಾರೆ.

ಶ್ರೀರಾಂಪುರ_ಮನೆ

@ಪಾನಾ_ಹಿಡಿದವ ಬೇಜಾರೇನೂ ಇಲ್ಲ. ಆದರೆ ಅವರ ತಲೆಯಲ್ಲಿರುವ ಡ್ರಾಯಿಂಗು ಐದು ವರ್ಷ ಆದ ಮೇಲೆ ನನಗೆ ಬೇಕಾದಾಗ ಎಲ್ಲಿ ಹುಡುಕಲಿ?

ಬೋಗಾದಿ_ಗೃಹಿಣಿ

ಇದಕ್ಕೆ ಸುಲಭ ಉಪಾಯ ಇದೆ. ಗಾರೆ ಹೊಡೆಯುವ ಮುಂಚೆ ಪ್ರತಿ ಗೋಡೆಗೂ ಟೇಪ್ ಹಿಡಿದು ಫೋಟೋ ತೆಗೆಯಿರಿ. ಟೇಪ್ ಇಲ್ಲದ ಫೋಟೋ ಸುಮ್ನೆ ದಂಡ. ನೆಲದಿಂದ ಎಷ್ಟು ಎತ್ತರ, ಮೂಲೆಯಿಂದ ಎಷ್ಟು ದೂರ, ಎರಡೂ ಕಾಣಬೇಕು. ನಮ್ಮ ಮನೆಯಲ್ಲಿ ಮಾಡ್ಯುಲರ್ ಕಿಚನ್‌ನವರು ಡ್ರಿಲ್ ಹಿಡಿದು ನಿಂತಾಗ ನಾನು ಫೋನ್ ತೋರಿಸಿ ಜಾಗ ಬದಲಾಯಿಸಿದೆ. ಪಕ್ಕದ ಮನೆಯಲ್ಲಿ ಫೋಟೋ ಇರಲಿಲ್ಲ, ಅಡುಗೆಮನೆ ಪೂರ್ತಿ ಈಜುಕೊಳ ಆಯಿತು.

ಹೆಬ್ಬಾಳ್_ಎಂಜಿನಿಯರ್

ಸರಿ, ಪೈಪ್ ವಿಷಯಕ್ಕೆ ಬರೋಣ. ಮೊದಲ ಸಲ ಕೈ ಹಾಕುವವರಿಗೆ ನನ್ನ ಓಟು ಸಿಪಿವಿಸಿಗೆ. ಕತ್ತರಿಸು, ಅಂಟಿಸು, ಅಷ್ಟೇ. ತಗೊಳ್ಳುವಾಗ ಪೈಪಿನ ಮೇಲೆ ಐಎಸ್ 15778 ಅಂತ ಮುದ್ರೆ ಇದೆಯಾ ನೋಡಿ. ಎಸ್‌ಡಿಆರ್ 11 ಮತ್ತು 13.5 ಅಂತ ಎರಡು ಥರ ಸಿಗುತ್ತವೆ. ಪೈಪಿನ ಹೊರ ವ್ಯಾಸವನ್ನು ಅದರದೇ ಗೋಡೆಯ ದಪ್ಪದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಹಾಗಾಗಿ ಸಂಖ್ಯೆ ಚಿಕ್ಕದಾದಷ್ಟೂ ಪೈಪ್ ದಪ್ಪ. ಅಂಗಡಿಯವರು "13.5 ದೊಡ್ಡದು ಸಾರ್, ಸ್ಟ್ರಾಂಗು" ಅಂತ ತಳ್ಳಿದರೆ ನಂಬಬೇಡಿ. ಗೋಡೆ ಒಳಗೆ ಹೋಗುವುದಕ್ಕೆ 11 ತಗೊಳ್ಳಿ.

ಬಿಳಿ ಯುಪಿವಿಸಿ ತಣ್ಣೀರಿಗೆ ಮಾತ್ರ. ಬಿಸಿನೀರಿಗೆ ಅದನ್ನು ಹಾಕಿದರೆ ಮೆತ್ತಗಾಗುತ್ತದೆ. ಇನ್ನೂ ಒಂದು, ಪಿವಿಸಿ ಪೈಪಿಗೆ ಮೊದಲು ಸೀಸ ಬೆರೆಸುತ್ತಿದ್ದರು, ಬಿಸಿಲಿಗೆ ಶಾಖಕ್ಕೆ ತಡೆಯಲಿ ಅಂತ. ಅದನ್ನು ನಿಲ್ಲಿಸುವುದಕ್ಕೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದೆ. ಕುಡಿಯುವ ನೀರಿಗೆ ಯುಪಿವಿಸಿ ಹಾಕುವುದೇ ಆದರೆ ಸೀಸ ಇಲ್ಲದ್ದು ಅಂತ ಪೈಪಿನ ಮೇಲೇ ಬರೆದಿರುವುದನ್ನು ತಗೊಳ್ಳಿ. ಗೋಡೌನ್ ಮೂಲೆಯ ಹಳೇ ಸ್ಟಾಕು, ಹೊಲಕ್ಕೆ ಹಾಕುವ ಬೂದು ಪೈಪು ಬೇಡ.

ಸ್ವರ್ಣಸಂದ್ರ_ಎಸ್

ಪಿಪಿಆರ್ ಯಾಕೆ ಬೇಡ? ಮಂಡ್ಯದಲ್ಲಿ ನಮ್ಮ ಮನೆಗೆ ಪಿಪಿಆರ್‌ನೇ ಹಾಕಿಸಿದ್ದು. ಅಂಟು ಇಲ್ಲ, ವಾಸನೆ ಇಲ್ಲ. ಜಾಯಿಂಟ್ ಕರಗಿ ಒಂದೇ ಪೈಪ್ ಆಗುತ್ತದೆ. ಗಡಸು ನೀರಿಗೂ ತುಕ್ಕಿಲ್ಲ.

ಹೆಬ್ಬಾಳ್_ಎಂಜಿನಿಯರ್

@ಸ್ವರ್ಣಸಂದ್ರ_ಎಸ್ ಪಿಪಿಆರ್ ಒಳ್ಳೇದೇ. ಆದರೆ 260 ಡಿಗ್ರಿ ಶಾಖದ ಮೆಷೀನ್ ಬೇಕು, ಮೂಲೆಯಲ್ಲಿ ಮೆಷೀನ್ ಆಡಿಸುವುದಕ್ಕೆ ಜಾಗ ಬೇಕು. ಒಂದೆರಡು ಸೆಕೆಂಡ್ ಜಾಸ್ತಿ ಕಾಯಿಸಿ ಜೋರಾಗಿ ಒತ್ತಿದರೆ ಒಳಗೆ ಕರಗಿದ ಪ್ಲಾಸ್ಟಿಕ್ಕು ಉಂಗುರದ ಹಾಗೆ ಕೂತು ದಾರಿ ಕಿರಿದಾಗುತ್ತದೆ. ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬಿಸಿಗೆ ಹಿಗ್ಗುವುದೂ ಸಿಪಿವಿಸಿಯ ಎರಡು ಪಟ್ಟು. ಕೈ ಪಳಗಿದವರಿಗೆ ಸರಿ, ಇವರಿಗೆ ಬೇಡ.

ಸ್ವರ್ಣಸಂದ್ರ_ಎಸ್

ಒಪ್ಪಲ್ಲ. ಕೈ ಪಳಗದವರು ಸಿಪಿವಿಸಿಗೆ ಅಂಟು ಜಾಸ್ತಿ ಸುರಿದರೂ ಒಳಗೆ ಗಡ್ಡೆ ಕಟ್ಟುತ್ತದೆ. ಎರಡೂ ಅಷ್ಟೇ.

ಪಾನಾ_ಹಿಡಿದವ

ಇಬ್ಬರೂ ಸರಿ. ಸಿಪಿವಿಸಿ ಅಂಟಿಸುವುದರಲ್ಲಿ ಹೊಸಬರು ಎಡವುವ ಜಾಗ ಹೇಳುತ್ತೇನೆ ಕೇಳಿ. ಗರಗಸದಲ್ಲಿ ಕತ್ತರಿಸಿದ ಮೇಲೆ ಅಂಚಿನ ಪುಡಿ ತೆಗೆಯಲ್ಲ. ಆ ಪುಡಿ ನೀರಿನ ಜೊತೆ ಹೋಗಿ ನಲ್ಲಿ ಜಾಲರಿಗೆ ಕೂರುತ್ತದೆ. ಅಂಚನ್ನು ಸ್ವಲ್ಪ ಇಳಿಜಾರಾಗಿ ಉಜ್ಜಬೇಕು, ಇಲ್ಲದಿದ್ದರೆ ಒಳಗೆ ತಳ್ಳುವಾಗ ಅಂಟನ್ನೆಲ್ಲ ಕೆರೆದುಕೊಂಡು ಹೋಗುತ್ತದೆ. ಅಂಟಿಲ್ಲದೆ ಮೊದಲು ಜೋಡಿಸಿ ನೋಡಬೇಕು, ಪೆನ್ಸಿಲ್ ಗುರುತು ಹಾಕಬೇಕು. ಪೈಪಿಗೆ ಅಂಟು ಧಾರಾಳ, ಫಿಟ್ಟಿಂಗ್ ಒಳಗೆ ತೆಳು. ತಳ್ಳುವಾಗ ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಬಿಗಿಯಾಗಿ ಹಿಡಿದುಕೊಳ್ಳಿ. ಬಿಟ್ಟರೆ ಪೈಪ್ ಹಿಂದಕ್ಕೆ ಬರುತ್ತದೆ, ಅದು ಸೋರುವುದು ಗ್ಯಾರಂಟಿ. ಸಿಪಿವಿಸಿಗೆ ಸಿಪಿವಿಸಿ ಅಂಟೇ ಬೇಕು, ಬಿಳಿ ಪೈಪಿನ ಅಂಟು ನಡೆಯಲ್ಲ. ಡಬ್ಬಿ ತೆರೆದು ಮಂದ ಆಗಿದ್ದರೆ ಬಿಸಾಕಿ. ತೆಳು ಮಾಡೋಕೆ ಥಿನ್ನರ್ ಹಾಕುವ ಪುಣ್ಯಾತ್ಮರೂ ಇದ್ದಾರೆ.

ನಲ್ಲಿ ಕೂರುವ ಕಡೆ ಪ್ಲಾಸ್ಟಿಕ್ ಮರೆ (ತಿರುಪು) ಬೇಡ, ಹಿತ್ತಾಳೆ ಮರೆ ಇರುವ ಎಲ್ಬೋನೇ ಹಾಕಿ. ಟೆಫ್ಲಾನ್ ಟೇಪ್ ಸಾಕು. ಸೆಣಬು, ಬಣ್ಣ, ಎಣ್ಣೆ ಎಲ್ಲಾ ಜಿಐ, ಅಂದರೆ ಸತುವಿನ ಲೇಪದ ಕಬ್ಬಿಣದ ಪೈಪಿನ ಕಾಲದ್ದು. ಸಿಪಿವಿಸಿಗೆ ಎಣ್ಣೆ, ಪೇಂಟ್ ಸೋಕಿದರೆ ಕಾಲಕ್ರಮೇಣ ಬಿರುಕು ಬಿಡುತ್ತದೆ.

ಡೌಟ್_ಡೌಟ್

ಅರ್ಧ ಇಂಚಾ ಮುಕ್ಕಾಲಾ ಅಂತ ಯಾರೂ ಹೇಳಲೇ ಇಲ್ಲ. ನನಗೂ ಬೇಕು ಈ ಉತ್ತರ.

ಹೆಬ್ಬಾಳ್_ಎಂಜಿನಿಯರ್

ಅರ್ಧ ಇಂಚಿನ ಸಿಪಿವಿಸಿಯ ಒಳಗಿನ ತೂತು 12 ಮಿ.ಮೀ ಚಿಲ್ಲರೆ ಅಷ್ಟೇ. ಮುಕ್ಕಾಲಿನದು 18 ಮಿ.ಮೀ. ಅಂದರೆ ನೀರಿಗೆ ಸಿಗುವ ಜಾಗ ಎರಡು ಪಟ್ಟಿಗಿಂತ ಜಾಸ್ತಿ. ಟ್ಯಾಂಕಿಂದ ಇಳಿಯುವುದು ಒಂದು ಇಂಚು ಅಥವಾ ಒಂದೂಕಾಲು. ಮಹಡಿಗೆ ಹಂಚುವುದು ಮುಕ್ಕಾಲು. ನಲ್ಲಿ ಹತ್ತಿರದ ಕೊನೆಯ ತುಂಡು ಮಾತ್ರ ಅರ್ಧ.

ಮೇಲಿನ ಮಹಡಿಗೆ ಇದು ಇನ್ನೂ ಮುಖ್ಯ. 10 ಮೀಟರ್ ಎತ್ತರಕ್ಕೆ ಚದರ ಸೆಂ.ಮೀಗೆ ಸುಮಾರು 1 ಕೆಜಿ ಒತ್ತಡ ಅಂತ ಲೆಕ್ಕ. ನಿಮ್ಮ ಟ್ಯಾಂಕ್ ತಾರಸಿ ಮೇಲೆ 4 ಅಡಿ ಸ್ಟ್ಯಾಂಡಲ್ಲಿದೆ ಅಂದುಕೊಳ್ಳಿ. ತಾರಸಿ 10 ಅಡಿ, ಶವರ್ 7 ಅಡಿ ಎತ್ತರ. ಶವರ್‌ಗೆ ಸಿಗುವುದು 7 ಅಡಿ ನೀರಿನ ಭಾರ, ಅಂದರೆ 0.2 ಕೆಜಿ. ಕೆಳಗಿನ ಮನೆಯ ನಲ್ಲಿಗೆ 0.6 ಸಿಗುತ್ತದೆ. ಹಾಗಾಗಿ ಕೆಳಗಿನವರು ಬಕೆಟ್ ತುಂಬಿಸುವಾಗ ಮೇಲಿನವರ ಶವರ್ ತೊಟ್ಟಿಕ್ಕುತ್ತದೆ. ಎರಡು ಮಹಡಿಗೂ ಟ್ಯಾಂಕಿಂದಲೇ ಬೇರೆ ಬೇರೆ ಪೈಪ್ ಇಳಿಸಿ. ಎಲ್ಬೋ ಕಡಿಮೆ ಮಾಡಿ, ಸ್ಟ್ಯಾಂಡ್ ಎತ್ತರ ಮಾಡಿ.

ಸಕ್ಕರೆನಾಡು

ಪ್ರೆಶರ್ ಪಂಪ್ ಹಾಕಿಸಿದರೆ ಆಯಿತಪ್ಪ.

ಹೆಬ್ಬಾಳ್_ಎಂಜಿನಿಯರ್

ಪೈಪ್ ಸಣ್ಣದು ಹಾಕಿ ಆಮೇಲೆ ಜೀವಮಾನ ಪೂರ್ತಿ ಕರೆಂಟ್ ಬಿಲ್ ಕಟ್ಟುವುದು. ಒಳ್ಳೇ ಲೆಕ್ಕ.

ಚಾಮುಂಡಿಪುರಂ_ಅಜ್ಜ

ನಮ್ಮ ಮನೆ ಹಳೇದು, ಜಿಐ ಪೈಪು. ಅಡುಗೆಮನೆಗೆ ನೀರು ದಾರದ ಹಾಗೆ ಬರುತ್ತಿತ್ತು. ಕತ್ತರಿಸಿ ನೋಡಿದರೆ ಒಳಗೆ ತುಕ್ಕು, ಸುಣ್ಣ ಕಟ್ಟಿ ಪೆನ್ಸಿಲ್ ತೂರುವಷ್ಟು ಜಾಗ ಉಳಿದಿತ್ತು. ಅದನ್ನು ಪೂರ್ತಿ ಕೀಳದೆ ಹೊರಗಿನಿಂದ ಗೋಡೆ ಮೇಲೆ ಹೊಸ ಲೈನ್ ಎಳೆಸಿದೆವು. ನೋಡುವುದಕ್ಕೆ ಅಷ್ಟು ಚೆಂದ ಇಲ್ಲ. ಸೋರಿದರೆ ಕಣ್ಣಿಗೆ ಕಾಣುತ್ತದೆ, ಅದೇ ಸಮಾಧಾನ. ಬಿಸಿಲು ಬೀಳುವ ಕಡೆ ಪೈಪಿಗೆ ಗೋಡೆಗೆ ಹೊಡೆಯುವ ಬಿಳಿ ಎಮಲ್ಷನ್ ಹೊಡೆಸಿ, ಆಯಿಲ್ ಪೇಂಟ್ ಬೇಡ. ಮೂರು ಅಡಿಗೊಂದು ಕ್ಲಾಂಪು.

ಮೊದಲೆಲ್ಲ ನಲ್ಲಿ ನೀರನ್ನು ಹಿತ್ತಾಳೆ ಕೊಳದಪ್ಪಲೆಗೆ ಹಿಡಿದು, ಬಟ್ಟೆ ಕಟ್ಟಿ ಸೋಸಿ ಕುಡಿಯುತ್ತಿದ್ದೆವು. ಈಗಿನವರಿಗೆ ಮೂರು ಫಿಲ್ಟರ್ ಆದರೂ ನಂಬಿಕೆ ಇಲ್ಲ.

ಶ್ರೀರಾಂಪುರ_ಮನೆ

ಅಜ್ಜ, ಕೆಳಗಿನ ಮನೆಗೆ ಈ ಐಡಿಯಾ ಚೆನ್ನಾಗಿದೆ. ಅಲ್ಲಿ ಟೈಲ್ಸ್ ಒಡೆಯುವುದಕ್ಕೆ ಮನೆಯಾಕೆ ಒಪ್ಪಿಲ್ಲ.

ಸಂಪಿನ ವಿಷಯ ಇನ್ನೂ ಬಾಕಿ. ನೇರ ನಲ್ಲಿಯೋ ಟ್ಯಾಂಕೋ?

ಬೋಗಾದಿ_ಗೃಹಿಣಿ

ನೇರ ನಲ್ಲಿ ಒಂದು ಇರಲೇಬೇಕು. ನಾವು ಅಡುಗೆಗೆ, ಕುಡಿಯುವುದಕ್ಕೆ ನೀರು ಬಿಟ್ಟಾಗ ಅದರಿಂದಲೇ ಹಿಡಿದುಕೊಳ್ಳುತ್ತೇವೆ. ಸಂಪಿನ ಹಲ್ಲಿ, ಜಿರಳೆ ಯಾವುದರ ಕಾಟವೂ ಇಲ್ಲ.

ಹೆಬ್ಬಾಳ್_ಎಂಜಿನಿಯರ್

ನನ್ನ ಅಭಿಪ್ರಾಯ ಬೇರೆ. ನೀರು ದಿನ ಬಿಟ್ಟು ದಿನ ಬರುವ ಕಡೆ ಬೀದಿ ಪೈಪು ಉಳಿದ ಹೊತ್ತು ಖಾಲಿ ಇರುತ್ತದೆ. ಖಾಲಿ ಪೈಪಿನ ಸುತ್ತ ಮಣ್ಣಲ್ಲಿ ಚರಂಡಿ ನೀರು ನಿಂತಿದ್ದರೆ ಸಣ್ಣ ಬಿರುಕಿನಿಂದ ಒಳಗೆ ನುಗ್ಗುತ್ತದೆ. ನೀರು ಬಿಟ್ಟ ತಕ್ಷಣ ಮೊದಲು ಬರುವ ಕೆಂಪು ನೀರನ್ನು ನೇರ ನಲ್ಲಿಯವರು ಪಾತ್ರೆಗೆ ಹಿಡಿಯುತ್ತಾರೆ. ಮೊದಲ ಐದು ನಿಮಿಷ ಗಿಡಕ್ಕೆ ಬಿಡಿ. ಇನ್ನು ನೇರ ಲೈನಿಗೆ ಮೋಟರ್ ಕೂರಿಸಿ ಎಳೆಯುವವರು ಇದ್ದಾರಲ್ಲ, ಅವರು ನಿಯಮ ಮುರಿಯುವುದು ಒಂದು ಕಡೆ, ಆ ಕೊಳೆಯನ್ನು ಇಡೀ ಬೀದಿಗೆ ಎಳೆದು ಕೊಡುತ್ತಿದ್ದಾರೆ.

ಬೋಗಾದಿ_ಗೃಹಿಣಿ

ಮೊದಲ ನೀರು ಗಿಡಕ್ಕೇ ಬಿಡುವುದು ಸ್ವಾಮಿ, ಅಷ್ಟು ಗೊತ್ತು. ನಿಮ್ಮ ಸಂಪಿಗೂ ಅದೇ ಕೆಂಪು ನೀರು ತಾನೇ ಬೀಳುವುದು? ಅಲ್ಲಿ ಬಿದ್ದರೆ ಪವಿತ್ರ ಆಗುತ್ತದಾ?

ಸಕ್ಕರೆನಾಡು

ಎಂಜಿನಿಯರ್ ಔಟ್! 🔥

ಹೆಬ್ಬಾಳ್_ಎಂಜಿನಿಯರ್

ಒಳ್ಳೇ ಮಾತು, ಒಪ್ಪಿದೆ. ಅದಕ್ಕೇ ಮೀಟರ್ ಆದ ಮೇಲೆ ಒಂದು ಟೀ (ಮೂರು ಬಾಯಿಯ ಫಿಟ್ಟಿಂಗ್) ಹಾಕಿ ತೊಳೆಯುವ ವಾಲ್ವ್ ಕೊಡಿ. ಮೊದಲ ನೀರು ಅಲ್ಲಿಂದ ಗಿಡಕ್ಕೆ, ಆಮೇಲೆ ಸಂಪಿಗೆ. ಎರಡು ಪಕ್ಷಕ್ಕೂ ಅದು ಬೇಕು.

ಪಾನಾ_ಹಿಡಿದವ

ನಾನು ಮಾಡಿಕೊಡುವುದು ಹೀಗೆ. ಸಂಪನ್ನು ಮಧ್ಯದಲ್ಲಿ ಗೋಡೆ ಕಟ್ಟಿ ಎರಡು ಮಾಡುವುದು, ಅಥವಾ ಬೋರ್ ನೀರನ್ನು ಸಂಪಿಗೆ ಬಿಡದೆ ನೇರ ತಾರಸಿಯ ಬೇರೆ ಟ್ಯಾಂಕಿಗೆ ಕೊಡುವುದು. ಎರಡನೆಯದೇ ಸುಲಭ. ಬೋರ್ ಟ್ಯಾಂಕಿಂದ ಫ್ಲಶ್, ಗಿಡ, ಕಾರ್ ತೊಳೆಯುವುದು. ಕಾರ್ಪೊರೇಷನ್ ಟ್ಯಾಂಕಿಂದ ಅಡುಗೆಮನೆ, ವಾಶ್‌ಬೇಸಿನ್, ಸ್ನಾನ. ಓನರ್‌ಗಳು ಎಲ್ಲರೂ ಕೇಳುವುದು ಒಂದೇ: "ಕಾವೇರಿ ಬರದ ದಿನ ಬೋರ್ ನೀರು ಬರುವ ಹಾಗೆ ಒಂದು ವಾಲ್ವ್ ಇಡಿ." ಆ ಒಂದು ವಾಲ್ವೇ ಎಲ್ಲಾ ಹಾಳು ಮಾಡುವುದು. ವಾಲ್ವ್ ಸವೆಯುತ್ತದೆ, ಇಲ್ಲ ಯಾರೋ ತಿರುಗಿಸಿ ಮರೆಯುತ್ತಾರೆ. ಬೋರ್ ಮೋಟರಿನ ಒತ್ತಡಕ್ಕೆ ನೀರು ಕುಡಿಯುವ ಲೈನಿಗೆ ನುಗ್ಗುತ್ತದೆ. ಎರಡು ಲೈನ್ ಎಲ್ಲೂ ಮುಟ್ಟಬಾರದು. ನೀರು ಹಿಂದಕ್ಕೆ ಹೋಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿದ್ದೇನೆ ಅಂತ ಧೈರ್ಯ ಬೇಡ, ಅದರೊಳಗೆ ಒಂದು ಮರಳಿನ ಕಣ ಸಿಕ್ಕಿಕೊಂಡರೆ ಸಾಕು.

ಗುತ್ತಲು_ಗಿರಿ

ಇವರು ಹೇಳಿದ್ದು ನೂರಕ್ಕೆ ನೂರು. ಮಂಡ್ಯದಲ್ಲಿ ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬರ ಮನೆಯ ಬೋರ್ ಮೋಟರ್ ಆನ್ ಮಾಡಿದರೆ ಎದುರು ಮನೆಯ ಕಾವೇರಿ ನಲ್ಲಿಯಲ್ಲಿ ನೀರು ಬರುತ್ತಿತ್ತು. ಎದುರು ಮನೆಯವರಿಗೆ ಖುಷಿ, ನಮ್ಮ ಏರಿಯಾಗೆ 24 ಗಂಟೆ ನೀರು ಬಂತು ಅಂತ! ಸಾಂಬಾರಿಗೆ ಬೇಳೆ ಬೇಯದೆ ಇದ್ದಾಗ ಅನುಮಾನ ಬಂದಿದ್ದು.

ಡೌಟ್_ಡೌಟ್

😂😂 ಬೇಳೆ ಟೆಸ್ಟ್.

ಗುತ್ತಲು_ಗಿರಿ

ನಗಬೇಡಿ, ಗಡಸು ನೀರಿಗೆ ಬೇಳೆನೇ ಮೀಟರ್ರು. ನಮ್ಮ ಬೋರ್ ನೀರಲ್ಲಿ ಸೋಪು ನೊರೆ ಬರಲ್ಲ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ.

ಸಕ್ಕರೆನಾಡು

ಕಾವೇರಿ ಹರಿಯುವುದು ನಮ್ಮ ಮಂಡ್ಯ ಜಿಲ್ಲೆಯಲ್ಲಿ, ಡ್ಯಾಂ ಇರುವುದು ನಮ್ಮ ಜಿಲ್ಲೆಯಲ್ಲಿ, ಪೈಪ್‌ಲೈನ್ ಹೋಗುವುದು ಮಾತ್ರ ಮೈಸೂರಿಗೆ, ಬೆಂಗಳೂರಿಗೆ. ನಾವು ಬೇಳೆ ಬೇಯಿಸಿ ನೋಡಬೇಕು.

ಚಾಮುಂಡಿಪುರಂ_ಅಜ್ಜ

ಜಗಳಕ್ಕೆ ಬಂದಿರಾ? ಮೈಸೂರಿನವರು ಸುಮ್ಮನೆ ಕೂತು ನೀರು ಕುಡಿದವರಲ್ಲ. ದಿವಾನ್ ಪೂರ್ಣಯ್ಯನವರ ಕಾಲದಲ್ಲೇ ಕಾವೇರಿಯಿಂದ ಊರಿಗೆ ನಾಲೆ ತರುವುದಕ್ಕೆ ಅಗೆದರು, ಅದು ದಡ ಮುಟ್ಟಲಿಲ್ಲ. ಆಮೇಲೆ ಮುಮ್ಮಡಿಯವರ ಕಾಲದಲ್ಲಿ, 1864ರಲ್ಲಿ ಕುಕ್ಕರಹಳ್ಳಿ ಕೆರೆ ಆಯಿತು. ಈಗ ಕಾವೇರಿ ಕಡೆಯಿಂದ ಹೊಂಗಳ್ಳಿ, ಬೆಳಗೊಳ, ಮೇಳಾಪುರ, ಕಬಿನಿ ಕಡೆಯಿಂದ ಬಿದರಗೋಡು ಪಂಪಿಂಗ್ ಸ್ಟೇಷನ್‌ಗಳು. ಊರು ಗುಡ್ಡದ ಬುಡದಲ್ಲಿ ಎತ್ತರಕ್ಕಿದೆ, ನದಿ ತಗ್ಗಲ್ಲಿದೆ. ಪ್ರತಿ ಹನಿಯನ್ನೂ ಪಂಪ್ ಮಾಡಿ ಮೇಲಕ್ಕೆ ತರಬೇಕು.

ಗುತ್ತಲು_ಗಿರಿ

ಅಜ್ಜ, ನಾಲೆ ಅಂದರೆ ನಮ್ಮ ಶ್ರೀರಂಗಪಟ್ಟಣದ ಬಂಗಾರದೊಡ್ಡಿ ನಾಲೆ. ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದ್ದು. ಕಾವೇರಿ ನೀರು ಕಾವೇರಿ ಮೇಲೇ ಕಲ್ಲಿನ ಮೇಲ್ಗಾಲುವೆಯಲ್ಲಿ ದಾಟಿ ದ್ವೀಪಕ್ಕೆ ಬರುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಪ್ಲಂಬಿಂಗ್ ಅಂದರೆ ಅದು.

ಶ್ರೀರಾಂಪುರ_ಮನೆ

ಅಣ್ಣಂದಿರಾ, ನನ್ನ ಅಡುಗೆಮನೆಗೆ ವಾಪಸ್ ಬನ್ನಿ 🙏

ತೀರ್ಮಾನ ಮಾಡಿದ್ದು: ಬೋರ್ ನೇರ ತಾರಸಿಗೆ, ಅದಕ್ಕೆ ಬೇರೆ ಟ್ಯಾಂಕ್. ಸಂಪು ಕಾರ್ಪೊರೇಷನ್‌ಗೆ ಮಾತ್ರ. ಅಡುಗೆಮನೆಗೆ ಟ್ಯಾಂಕಿಂದ ಒಂದು, ನೇರ ಒಂದು, ಎರಡು ಬೇರೆ ನಲ್ಲಿ. ಎರಡರ ಪೈಪ್ ಎಲ್ಲೂ ಸೇರುವುದಿಲ್ಲ. ಸಂಪಿನ ಬಗ್ಗೆ ಇನ್ನೇನಾದರೂ ನೋಡಬೇಕಾ? ಅದು ಕಾರ್ ನಿಲ್ಲಿಸುವ ಜಾಗದ ಕೆಳಗಿದೆ.

ಪಾನಾ_ಹಿಡಿದವ

ಮುಚ್ಚಳ ನೆಲದ ಮಟ್ಟಕ್ಕೇ ಇದ್ದರೆ ಕಾರ್ ತೊಳೆದ ನೀರು ಒಳಗೇ ಹೋಗುತ್ತದೆ. ಅಂಚು ಎತ್ತಿ ಕಟ್ಟಿಸಿ, ಅಥವಾ ರಬ್ಬರ್ ಇರುವ ಮುಚ್ಚಳ ಹಾಕಿಸಿ. ಮ್ಯಾನ್‌ಹೋಲ್ ಎಷ್ಟು ದೂರದಲ್ಲಿದೆ ನೋಡಿ. ಚರಂಡಿ ಪೈಪ್ ಮತ್ತು ನೀರಿನ ಪೈಪ್ ಒಂದೇ ಗುಂಡಿಯಲ್ಲಿ ಹೂಳಬೇಡಿ. ದಾಟಲೇಬೇಕಾದರೆ ನೀರಿನದು ಮೇಲೆ, ಚರಂಡಿಯದು ಕೆಳಗೆ, ಮಧ್ಯೆ ಕನಿಷ್ಠ ಒಂದು ಅಡಿ. ನೀರು ಬೀಳುವ ಪೈಪಿನ ತುದಿ ತುಂಬಿದ ಮಟ್ಟಕ್ಕಿಂತ ಮೇಲೆ ಇರಲಿ, ಮುಳುಗಬಾರದು. ಓವರ್‌ಫ್ಲೋ ಪೈಪಿಗೆ ಸೊಳ್ಳೆ ಜಾಲರಿ ಕಟ್ಟಿ. ಬರೀ ಇಷ್ಟು ಮಾಡಿದರೆ ಅರ್ಧ ಕಾಯಿಲೆ ಮನೆಗೆ ಬರಲ್ಲ.

ತಾರಸಿ ಟ್ಯಾಂಕಿಗೆ ತಳದಲ್ಲಿ ತೊಳೆಯುವ ವಾಲ್ವ್ ಬೇರೆ. ಮನೆಗೆ ಹೋಗುವ ಪೈಪ್ ತಳದಿಂದ ಎರಡು ಮೂರು ಇಂಚು ಮೇಲೆ. ಪ್ರತಿ ಬಾತ್‌ರೂಮಿಗೂ ಅಡುಗೆಮನೆಗೂ ಒಂದೊಂದು ವಾಲ್ವ್, ಕೈಗೆ ಸಿಗುವ ಕಡೆ. ಗೇಟ್ ವಾಲ್ವ್ ಬೇಡ, ಬಾಲ್ ವಾಲ್ವ್ ಹಾಕಿ. ತಾರಸಿ ಮೇಲೆ ಪೈಪ್ ಹತ್ತಿ ಇಳಿಯುವ ಹಾಗೆ ಮಾಡಿದರೆ ಗಾಳಿ ಕಟ್ಟುತ್ತದೆ. ಟ್ಯಾಂಕಿಂದ ಹೊರಟ ಮೇಲೆ ಇಳಿಯುತ್ತಲೇ ಹೋಗಬೇಕು.

ಸ್ವರ್ಣಸಂದ್ರ_ಎಸ್

ಸೋಲಾರ್ ಇದೆಯಾ? ಇದ್ದರೆ ತಣ್ಣೀರು ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲೆ ಇರಬೇಕು. ಗಾಳಿ ಹೋಗುವ ಪೈಪ್ ಮುಚ್ಚಬಾರದು. ಬೇಸಿಗೆಯಲ್ಲಿ ಊರಿಗೆ ಹೋಗಿ ಬಂದರೆ ಒಳಗಿನ ನೀರು ಕುದಿಯುವ ಮಟ್ಟಕ್ಕೆ ಹೋಗಿರುತ್ತದೆ. ಸಿಪಿವಿಸಿ ತಡೆಯುವುದು 93 ಡಿಗ್ರಿ ತನಕ ಅಂತ ಕಂಪನಿಗಳೇ ಬರೆಯುತ್ತವೆ. ಹಾಗಾಗಿ ಸೋಲಾರ್‌ನಿಂದ ಹೊರಡುವ ಮೊದಲ ಕೆಲವು ಅಡಿ ಜಿಐ ಹಾಕಿ. ಇಲ್ಲಿ ಎಂಜಿನಿಯರ್ ಸಾಹೇಬರು ಮಾತಾಡಲಿ ನೋಡೋಣ.

ಹೆಬ್ಬಾಳ್_ಎಂಜಿನಿಯರ್

ಸರಿಯಾಗಿದೆ. ಮಾತಾಡುವುದಕ್ಕೆ ಏನೂ ಇಲ್ಲ 🙂

ಟೆಸ್ಟಿಂಗ್ ಬಗ್ಗೆ ಹೇಳಿಬಿಡುತ್ತೇನೆ, ಇದನ್ನು ಬಿಟ್ಟರೆ ಉಳಿದದ್ದೆಲ್ಲಾ ವ್ಯರ್ಥ. ಕೊನೆಯ ಜಾಯಿಂಟ್ ಆಗಿ ಒಂದು ದಿನ ಪೂರ್ತಿ ಬಿಡಿ. ಎಲ್ಲಾ ಪಾಯಿಂಟಿಗೂ ಪ್ಲಗ್ ಹಾಕಿ, ಮೇಲಿನ ಒಂದನ್ನು ತೆರೆದಿಟ್ಟು ನಿಧಾನವಾಗಿ ನೀರು ತುಂಬಿಸಿ, ಗಾಳಿ ಎಲ್ಲಾ ಹೋಗಲಿ. ಆಮೇಲೆ ಕೈಪಂಪಿನ ಟೆಸ್ಟ್ ಯಂತ್ರದಲ್ಲಿ 10 ಕೆಜಿ ತನಕ ಏರಿಸಿ ಮುಳ್ಳು ನೋಡಿ. ಸಂಜೆ ಏರಿಸಿ ಬೆಳಿಗ್ಗೆ ನೋಡಿದರೆ ಒಳ್ಳೇದು. ತಂಪಿಗೆ ಮುಳ್ಳು ಒಂಚೂರು ಇಳಿದರೆ ಗಾಬರಿ ಬೇಡ, ಇಳಿಯುತ್ತಲೇ ಇದ್ದರೆ ಸೋರಿಕೆ ಇದೆ. ಟ್ಯಾಂಕ್ ನೀರಿನ ಒತ್ತಡದಲ್ಲೇ ನೋಡಿ ಸರಿ ಇದೆ ಅನ್ನುವವರು ಅರ್ಧ ಕೆಜಿ ಒತ್ತಡಕ್ಕೆ ನೋಡಿದ ಹಾಗಾಯಿತು. ಅಂಟು ಕಮ್ಮಿಯಾದ ಜಾಯಿಂಟು ಅಷ್ಟಕ್ಕೆ ಬಾಯಿ ಬಿಡುವುದೇ ಇಲ್ಲ. ಕಂಪ್ರೆಸರ್ ಗಾಳಿ ಹಾಕಿ ಮಾತ್ರ ಟೆಸ್ಟ್ ಮಾಡಬೇಡಿ. ಪ್ಲಾಸ್ಟಿಕ್ ಪೈಪ್ ಗಾಳಿಗೆ ಒಡೆದರೆ ಚೂರು ಹಾರಿ ಕಣ್ಣು ಹೋಗುತ್ತದೆ.

ಶ್ರೀರಾಂಪುರ_ಮನೆ

ಟೆಸ್ಟ್ ಯಂತ್ರ ಕೊಂಡುಕೊಳ್ಳಬೇಕಾ?

ಪಾನಾ_ಹಿಡಿದವ

ಬೇಡ. ದೊಡ್ಡ ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಡಿಗೆಗೆ ಸಿಗುತ್ತದೆ. ಜಾಸ್ತಿ ಪೈಪ್ ತಗೊಂಡರೆ ಕೆಲವು ಕಂಪನಿಯವರೇ ಬಂದು ಟೆಸ್ಟ್ ಮಾಡಿಕೊಡುತ್ತಾರೆ, ಡೀಲರ್‌ನ ಕೇಳಿ. ಚಾಕ್‌ಪೀಸ್ ಪ್ಲಂಬರ್ ಹತ್ತಿರವೂ ಒಂದು ಇರುತ್ತದೆ, ಅವನಿಗೆ ಕಾಫಿ ಕುಡಿಸಿ.

ಡೌಟ್_ಡೌಟ್

ಹೊಸ ಪೈಪಿನ ನೀರು ತಕ್ಷಣ ಕುಡಿಯಬಹುದಾ? ಅಂಟಿನ ವಾಸನೆ ಬರುತ್ತದೆ ಅಂತಾರೆ.

ಹೆಬ್ಬಾಳ್_ಎಂಜಿನಿಯರ್

ಬೇಡ. ಮೊದಲು ನಲ್ಲಿ ಜಾಲರಿ ಬಿಚ್ಚಿ ಚೆನ್ನಾಗಿ ನೀರು ಹರಿಸಿ. ಆಮೇಲೆ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್. 1000 ಲೀಟರಿಗೆ 200 ಗ್ರಾಂ, ಅದರಲ್ಲಿ ಕಾಲು ಭಾಗ ಕ್ಲೋರಿನ್ ಅಂತ ಹಿಡಿದರೆ ಲೀಟರಿಗೆ 50 ಮಿ.ಗ್ರಾಂ ಆಯಿತು. ಬಕೆಟಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿ ಮಾತ್ರ ಸುರಿಯಿರಿ. ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವ ತನಕ ಬಿಟ್ಟು ನಿಲ್ಲಿಸಿ, ರಾತ್ರಿ ಪೂರ್ತಿ ಹಾಗೇ ಇರಲಿ. ಬೆಳಿಗ್ಗೆ ಎಲ್ಲಾ ಖಾಲಿ ಮಾಡಿ ಹೊಸ ನೀರಿಂದ ತೊಳೆಯಿರಿ. ಫಿಲ್ಟರ್ ಮೊದಲೇ ಬಿಚ್ಚಿಟ್ಟಿರಿ. ಆ ನೀರು ಯಾರೂ ಕುಡಿಯಬಾರದು, ಮನೆಯಲ್ಲಿ ಮಕ್ಕಳಿದ್ದರೆ ನಲ್ಲಿಗೆ ಚೀಟಿ ಅಂಟಿಸಿ.

ಬೋಗಾದಿ_ಗೃಹಿಣಿ

ಇಷ್ಟೆಲ್ಲಾ ಮಾಡಿ ಕೊನೆಗೆ ಆರ್‌ಒ ಹಾಕಿಸುತ್ತಾರೆ ನೋಡಿ. ಕಾವೇರಿ ನೀರಿಗೆ ಆರ್‌ಒ ಯಾಕೆ? ಒಂದು ಲೋಟ ಕೊಟ್ಟು ಎರಡು ಲೋಟ ಚರಂಡಿಗೆ.

ಸ್ವರ್ಣಸಂದ್ರ_ಎಸ್

ನಿಮಗೇನು, ಕಾವೇರಿ. ನಮ್ಮ ಬೋರ್ ನೀರಿಗೆ ಬೇಕೇ ಬೇಕು.

ಹೆಬ್ಬಾಳ್_ಎಂಜಿನಿಯರ್

ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಕರಗಿದ ಲವಣ ಲೀಟರಿಗೆ 500 ಮಿ.ಗ್ರಾಂ ಒಳಗಿದ್ದರೆ ಸರಿ, ಬೇರೆ ನೀರು ಇಲ್ಲದಿದ್ದರೆ 2000 ತನಕ. ಗಡಸುತನ 200, ಬೇರೆ ದಾರಿ ಇಲ್ಲದಿದ್ದರೆ 600. ಫ್ಲೋರೈಡ್ 1, ಹೆಚ್ಚೆಂದರೆ 1.5. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಒಂದನ್ನೇ ಹಿಡಿದು ಒಳ್ಳೇ ನೀರು ಅನ್ನಬೇಡಿ. ಅದಕ್ಕೆ ಫ್ಲೋರೈಡೂ ಕಾಣಲ್ಲ, ಕ್ರಿಮಿಯೂ ಕಾಣಲ್ಲ. ಬೋರ್ ನೀರನ್ನು ಒಂದು ಸಲ ಲ್ಯಾಬಿಗೆ ಕೊಡಿ. ಕಾರ್ಪೊರೇಷನ್ ನೀರಿಗೆ ಕ್ಲೋರಿನ್ ನೋಡುವ ಹನಿ ಔಷಧಿ ಸಿಗುತ್ತದೆ, ನಲ್ಲಿಯಲ್ಲಿ 0.2 ಮಿ.ಗ್ರಾಂ ಆದರೂ ಉಳಿದಿರಬೇಕು.

ಚಾಮುಂಡಿಪುರಂ_ಅಜ್ಜ

ಮೊದಲು ಟ್ಯಾಂಕ್ ತೊಳೆಸಿ ಸಾಕು ಸ್ವಾಮಿ. ಎಷ್ಟು ಮನೆಯಲ್ಲಿ ಟ್ಯಾಂಕ್ ಮುಚ್ಚಳ ಗಾಳಿಗೆ ಹಾರಿ ವರ್ಷಗಳಾಗಿವೆ!

ಸಕ್ಕರೆನಾಡು

ಮಾವನವರು ಏನಂದರು ಅಂತ ಹೇಳಿ ಮೊದಲು.

ಶ್ರೀರಾಂಪುರ_ಮನೆ

ಈ ಚರ್ಚೆ ಪೂರ್ತಿ ಓದಿಸಿದೆ. "ಪ್ಲಂಬರ್ ಇಷ್ಟು ಚೆನ್ನಾಗಿ ಹೇಳಿಕೊಡುತ್ತಾನಲ್ಲ, ಅವನನ್ನೇ ಕರೆಸು" ಅಂದರು.

ಪಾನಾ_ಹಿಡಿದವ

ದಸರಾ ತನಕ ನನಗೆ ಪುರುಸೊತ್ತಿಲ್ಲ. ನೀವೇ ಮಾಡಿ. ಟೆಸ್ಟ್ ದಿನ ಮಾತ್ರ ಪಾಯಿಂಟ್‌ಗಳ ಫೋಟೋ ಹಾಕಿ, ನೋಡಿ ಹೇಳುತ್ತೇನೆ. ಮತ್ತೆ ಪೈಪಿಗೆ ಗೋಡೆಯಲ್ಲಿ ಗ್ರೂವ್ ಹೊಡೆಯುವಾಗ ಕಂಬ, ತೊಲೆಗೆ ಕಟ್ಟರ್ ತಾಗಿಸಬೇಡಿ. ಬಾಗಿಲ ಚೌಕಟ್ಟಿನ ಪಕ್ಕ, ಕಿಟಕಿ ಕೆಳಗೆ ನೇರವಾಗಿ ಪೈಪ್ ಬಿಡಬೇಡಿ, ಬಡಗಿ ಅಲ್ಲೇ ಮೊಳೆ ಹೊಡೆಯುವುದು.

ಗುತ್ತಲು_ಗಿರಿ

ಒಂದು ಪ್ರಶ್ನೆ. ಬೋರ್ ಲೈನೂ ಕುಡಿಯುವ ಲೈನೂ ಒಂದೇ ಬಣ್ಣದ ಸಿಪಿವಿಸಿ ಆದರೆ ಮುಂದೆ ಯಾರಾದರೂ ರಿಪೇರಿಗೆ ಬಂದವರು ಅದಲು ಬದಲು ಮಾಡಲ್ವಾ?

ಪಾನಾ_ಹಿಡಿದವ

ಮಾಡುತ್ತಾರೆ, ನೋಡಿದ್ದೇನೆ. ಬೋರ್‌ಗೆ ಬಿಳಿ ಯುಪಿವಿಸಿ ಹಾಕಿ, ಕುಡಿಯುವುದಕ್ಕೆ ಸಿಪಿವಿಸಿ. ಬಣ್ಣ ಬೇರೆ, ಸೈಜೂ ಬೇರೆ. ಒಂದರ ಫಿಟ್ಟಿಂಗ್ ಇನ್ನೊಂದಕ್ಕೆ ಕೂರುವುದೇ ಇಲ್ಲ. ತಾರಸಿಯ ವಾಲ್ವ್‌ಗಳಿಗೆ ಪೇಂಟಲ್ಲಿ ಬರೆಯಬೇಡಿ, ಎರಡು ಮಳೆಗೆ ಹೋಗುತ್ತದೆ. ತಗಡಿನ ಚೀಟಿ ಮಾಡಿಸಿ ತಂತಿಯಲ್ಲಿ ಕಟ್ಟಿ.